ಹಡಗಿನ ಮಧ್ಯಾಹ್ನ

ಬಹರೈನಿನ ಗುಫೂಲಿನ ಆ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಸ್ಟೆಲ್ಲಾಬಾಯಿಯ ಮಾತು ಬಂದರೆ ಜನ ಮೊದಲು ಎತ್ತುತ್ತಿದ್ದದ್ದು ಅವಳ ಊಟದ ಹೊತ್ತನ್ನು.

"ಆ ಬಾಯಿಗೆ ಮಧ್ಯಾಹ್ನ ಯಾವಾಗ ಆಗ್ತದೆ ಅಂತ ಮೇಲೆ ಉರಿಯುವ ಸೂರ್ಯನಿಗೇ ಗೊತ್ತಿಲ್ಲ ಮಾರಾಯ್ರೇ," ಎನ್ನುತ್ತಿದ್ದರು ಕೆಳಗಿನ ದಿನಸಿ ಅಂಗಡಿಯ, ಇಲ್ಲಿಯವರ ಬಾಯಲ್ಲಿ ಕೋಲ್ಡ್ ಸ್ಟೋರಿನ, ಮೂಸಬ್ಬ. ಕಟ್ಟಡದವರೆಲ್ಲ ಅವರನ್ನು ಮೂಸಾಕ ಎಂದೇ ಕರೆಯುವುದು. ಅವರು ಬೆಳಗಿನ ನಮಾಜು ಮುಗಿಸಿ ಬಂದು ಅಂಗಡಿಯ ಷಟರ್ ಎತ್ತುವಾಗ ಹಾಲಿನ ವ್ಯಾನು ಕೂಡ ಬಂದಿರುತ್ತಿರಲಿಲ್ಲ. ಆದರೆ ಮೂರನೆಯ ಮಾಳಿಗೆಯ ಅವಳ ಮನೆಯಿಂದ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಪರಿಮಳ ಮೆಟ್ಟಿಲಿಳಿದು ಬಂದಿರುತ್ತಿತ್ತು.

ಎರಡನೆಯ ಮಾಳಿಗೆಯ ನರ್ಸುಗಳಿಗೆ ಬೇರೆಯೇ ಗುಮಾನಿ. "ಎಲ್ಲೋ ಒಬ್ಬ ಗಂಡ ಇದ್ದಾನೆ. ಬೆಳಕು ಹರಿಯುವ ಮೊದಲೇ ಫೋನು ಮಾಡ್ತಾನೆ," ಎಂದು ಒಬ್ಬಳು ಹೇಳಿದರೆ, "ಹೋಗೇ, ಗಂಡನ ಹತ್ರ ಯಾರಾದ್ರೂ ಅಷ್ಟು ನಕ್ಕು ಮಾತಾಡ್ತಾರಾ?" ಎಂದು ಇನ್ನೊಬ್ಬಳು ಅವಳ ಬಾಯಿ ಮುಚ್ಚಿಸುತ್ತಿದ್ದಳು.

ಎಲ್ಲರ ಮಾತಿನಲ್ಲೂ ಒಂದು ಚೂರು ನಿಜವಿತ್ತು. ಪೂರ್ತಿ ನಿಜ ಗೊತ್ತಿದ್ದದ್ದು ಎದುರು ಬಾಗಿಲಿನ ಸುಲೈಖಾಳಿಗೆ ಮಾತ್ರ. ಸುಲೈಖಾ ಮೂಸಾಕನ ಹೆಂಡತಿ. ಹೊಟ್ಟೆಯಲ್ಲಿ ಮಾತು ನಿಲ್ಲದ ಹೆಂಗಸೆಂದು ಹೆಸರಾದವಳು. ಆದರೆ ಸ್ಟೆಲ್ಲಾಳ ಒಂದು ಮಾತನ್ನೂ ಆ ಹೊಸ್ತಿಲಿನಿಂದ ಈಚೆಗೆ ದಾಟಿಸಲಿಲ್ಲ.

ಸ್ಟೆಲ್ಲಾ ಸೀಫ್‌ನ ಗಾಜಿನ ಕಟ್ಟಡವೊಂದರಲ್ಲಿ, ಕಲ್ಲಿದ್ದಲು ವ್ಯಾಪಾರದ ಸಣ್ಣ ಕಂಪನಿಯಲ್ಲಿ ಹಡಗುಗಳ ಓಡಾಟದ ವಿಭಾಗವನ್ನು ನೋಡಿಕೊಳ್ಳುತ್ತಿದ್ದಳು. ಆಸ್ಟ್ರೇಲಿಯಾದಲ್ಲಿ ಹಡಗಿಗೆ ತುಂಬಿದ ಕಲ್ಲಿದ್ದಲು ಮಂಗಳೂರಿನ ಬಂದರಿನಲ್ಲಿ ಇಳಿದು, ಕರೆಂಟು ಮಾಡುವ ಸ್ಥಾವರಗಳ ಒಲೆ ಸೇರುತ್ತಿತ್ತು. ಬಹರೈನಿನ ನೆಲಕ್ಕೆ ಅದರ ಒಂದು ಹರಳೂ ಬೀಳುತ್ತಿರಲಿಲ್ಲ. ಇಷ್ಟು ವರ್ಷ ಕಲ್ಲಿದ್ದಲಿನ ಅನ್ನ ಉಂಡ ಸ್ಟೆಲ್ಲಾ ಅದನ್ನು ಕೈಯಲ್ಲಿ ಮುಟ್ಟಿದವಳಲ್ಲ. ಇದನ್ನು ತಿಳಿಯದ ಮೂಸಾಕ ಒಮ್ಮೆ ಚಳಿಗಾಲದಲ್ಲಿ, ಜಲ್ಲಾಕ್ ಕಡಲ ತಡಿಗೆ ಹೋಗಿ ಮೀನು ಸುಡುವ ಉಮೇದಿನಲ್ಲಿ, ಸಂಕೋಚಪಡುತ್ತಲೇ ಕೇಳಿದ್ದರು: "ಬಾಯೀ, ನಿಮ್ಮ ಕಂಪನಿಯಲ್ಲಿ ಒಂದು ಚೀಲ ಇದ್ದಿಲು ಸಿಗಬಹುದಾ?"

"ಒಂದು ಚೀಲ ಇಲ್ಲ ಮೂಸಾಕ. ಎಪ್ಪತ್ತು ಸಾವಿರ ಟನ್ ಉಂಟು. ಎಲ್ಲಿ ಇಳಿಸ್ಲಿ ಹೇಳಿ."

ಆ ನಗು ಕಟ್ಟಡದಲ್ಲಿ ಒಂದು ವರ್ಷ ಓಡಾಡಿತು.

ಇನ್ನು ಮಧ್ಯಾಹ್ನದ ಸಂಗತಿ. ಕಂಪನಿಯ ಮಾಲೀಕರು ಒಬ್ಬ ಮುದುಕ ಹಾಜಿ, ಬಹರೈನಿನ ಮೂಲದವರೇ. ಅವರ ಅಜ್ಜ ಮುತ್ತು ತೆಗೆಯುವ ದೋಣಿಯನ್ನು ನಡೆಸುವ ನಾಖುದಾ ಆಗಿದ್ದವರು. ದೋಣಿ ಬೇಸಗೆಯಲ್ಲಿ ಕಡಲಿಗಿಳಿದರೆ ಚಳಿಗಾಲ ಹತ್ತಿರವಾಗುವ ತನಕ ಮನೆಯವರಿಗೆ ಅವರ ಸೊಲ್ಲಿಲ್ಲ. ಆ ಮನೆಯಲ್ಲಿ ಬೆಳೆದ ಹಾಜಿಗೆ ಕಾಗದದ ಮೇಲೆ ನಂಬಿಕೆಯಿರಲಿಲ್ಲ. ಎಲ್ಲ ಹಡಗುಗಳೂ ದಿನಕ್ಕೊಮ್ಮೆ, ನಡುಹಗಲಿನಲ್ಲಿ, ತಾವೆಲ್ಲಿದ್ದೇವೆಂದು ಕಂಪನಿಗೆ ಬರೆದು ಕಳಿಸುವುದು ಲೋಕದ ಪದ್ಧತಿ. ಹಾಜಿಯ ಕಂಪನಿಯಲ್ಲಿ ಮಾತ್ರ ಬರೆದರೆ ಸಾಲದು, ಕ್ಯಾಪ್ಟನ್ ಫೋನಿನಲ್ಲಿ ಬಾಯಿಬಿಟ್ಟು ಹೇಳಬೇಕು. "ಕಡಲಿನಲ್ಲಿರುವವನ ದನಿ ಕೇಳಬೇಕು, ಸ್ಟೆಲ್ಲಾ. ದನಿ ಕೇಳಿದರೆ ಹಡಗು ಹೇಗಿದೆ ಎಂದು ಗೊತ್ತಾಗುತ್ತದೆ," ಎನ್ನುತ್ತಿದ್ದರು.

ಆದರೆ ಹಡಗಿನ ನಡುಹಗಲು ಎಂದರೆ ಹಡಗಿರುವಲ್ಲಿನ ನಡುಹಗಲು. ಆಸ್ಟ್ರೇಲಿಯಾದ ತೀರದಲ್ಲಿ ಸೂರ್ಯ ನೆತ್ತಿಯ ಮೇಲೆ ನಿಂತಾಗ ಬಹರೈನಿನಲ್ಲಿ ಬೆಳಗಿನ ಜಾವದ ಸುಬಹಿಯ ಬಾಂಗಿನ ಹೊತ್ತು. ಹಡಗು ಪಶ್ಚಿಮಕ್ಕೆ ಸರಿದಂತೆಲ್ಲ ಅದರ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತ ಬರುತ್ತಾರೆ. ಗುಫೂಲಿನಲ್ಲಿ ಫೋನಿನ ಹೊತ್ತು ಮುಂದಕ್ಕೆ ಜಾರುತ್ತ ಹೋಗುತ್ತದೆ. ನಡುದಾರಿಗೆ ಬರುವಾಗ ಶಾಲೆಯ ಬಸ್ಸುಗಳ ಹೊತ್ತು, ಮಂಗಳೂರು ಮುಟ್ಟುವಾಗ ಕಚೇರಿಯಲ್ಲಿ ಬೆಳಗಿನ ಎರಡನೆಯ ಚಾ. ಮನೆಗೂ ಕಚೇರಿಗೂ ಒಯ್ಯಲೆಂದು ಕಂಪನಿ ಒಂದು ಡ್ಯೂಟಿ ಫೋನು ಕೊಟ್ಟಿತ್ತು. ಸ್ಟೆಲ್ಲಾ ಮೊದಮೊದಲು ಎದ್ದು ಫೋನೆತ್ತಿ ಮತ್ತೆ ಮಲಗುತ್ತಿದ್ದಳು. ಆಮೇಲೆ ಎದ್ದದ್ದು ಎದ್ದೇ ಆಯಿತಲ್ಲ ಎಂದು ಅಡುಗೆ ಮಾಡಿಟ್ಟಳು. ಕೊನೆಕೊನೆಗೆ, ಆಚೆಯವರು "ನಮ್ಮದು ಊಟ ಆಯ್ತು" ಎನ್ನುವಾಗ ತಾನು ಬರಿಹೊಟ್ಟೆಯಲ್ಲಿರುವುದು ಸರಿಯೆನಿಸದೆ ಆ ಹೊತ್ತಿಗೇ ಉಣ್ಣತೊಡಗಿದಳು.

ಆ ಹೊತ್ತಿನಲ್ಲಿ ಕಟ್ಟಡದಲ್ಲಿ ಎಚ್ಚರವಿರುವ ಇನ್ನೊಬ್ಬಳೆಂದರೆ ನಮಾಜಿಗೆ ಎದ್ದ ಸುಲೈಖಾ. ಒಂದು ದಿನ ಅವಳು ಬಾಗಿಲು ತೆರೆದು, "ಎಂತ ಸ್ಟೆಲ್ಲಾ, ಬಾಂಗಿನ ಹೊತ್ತಿಗೆ ಬಂಗುಡೆ ಸಾರಾ? ನನಗೆ ನಮಾಜಿನಲ್ಲಿ ನಿಂತವಳಿಗೆ ಬಾಯಲ್ಲಿ ನೀರು!" ಎಂದು ಬೈದಳು. ಬೈದು ಮುಗಿಸಿ ಒಂದು ಬಟ್ಟಲು ಸಾರು ಇಸಿದುಕೊಂಡು ಹೋದಳು. ಅಂದಿನಿಂದ ಎರಡು ಮನೆಗಳ ನಡುವೆ ಮೆಟ್ಟಿಲಿನ ಅಟ್ಟಣಿಗೆಯ ಮೇಲೆ ಎರಡು ಕುರ್ಚಿ ಬಿದ್ದವು. ಒಬ್ಬಳಿಗೆ ಬೆಳಗಿನ ಚಾ, ಒಬ್ಬಳಿಗೆ ಊಟದ ನಂತರದ ಚಾ.

ಸ್ಟೆಲ್ಲಾ ಮಂಗಳೂರಿನ ಕಡೆಯ ಪಾಂಗಾಳದವಳು. ಹರೆಯದಲ್ಲಿ ಕುವೈತಿನಲ್ಲಿದ್ದ ಹುಡುಗನೊಬ್ಬನಿಗೆ ನಿಶ್ಚಯವಾಗಿತ್ತು. ಅಷ್ಟರಲ್ಲಿ ಅಲ್ಲಿ ಯುದ್ಧ ಬಂತು. ಹುಡುಗ ಉಟ್ಟ ಬಟ್ಟೆಯಲ್ಲಿ ಊರಿಗೆ ಬಂದ. ಅವನ ಮನೆಯವರು "ಸ್ವಲ್ಪ ತಡೆಯುವ" ಎಂದರು, ಇವಳ ಮನೆಯವರು ತಡೆದರು. ತಡೆದು ತಡೆದು, ಕೊನೆಗೆ ಅವನ ಮದುವೆ ಮುಂಬಯಿಯಲ್ಲಿ ಆದ ಸುದ್ದಿ ಇಗರ್ಜಿಯ ಅಂಗಳದಲ್ಲಿ ಸಿಕ್ಕಿತು. ಅವಳು ಅತ್ತಳೋ ಇಲ್ಲವೋ ಯಾರೂ ನೋಡಲಿಲ್ಲ. ಟೈಪಿಂಗ್ ಕಲಿತಳು, ಬಹರೈನಿಗೆ ಬಂದಳು, ತಮ್ಮ ರೋನ್ಸನ್‌ನನ್ನು ಓದಿಸಿದಳು, ಅವನಿಗೆ ಮದುವೆ ಮಾಡಿದಳು. ಹೀಗೆ ಕೂದಲು ಬಿಳಿಯಾದದ್ದು ಅವಳಿಗಿಂತ ಮೊದಲು ಬೇರೆಯವರಿಗೆ ಕಂಡಿತು.

ಕ್ಯಾಪ್ಟನ್ ಪ್ರೇಮನಾಥರ ಹಡಗು ಈ ಮಾರ್ಗಕ್ಕೆ ಬಂದ ಮೊದಲ ದಿನ ಅವರು ಇಂಗ್ಲಿಷಿನಲ್ಲಿ ಹಡಗಿರುವ ತಾಣ, ಗಾಳಿ, ವೇಗ ಎಲ್ಲ ಹೇಳಿ ಮುಗಿಸಿದರು. ಸ್ಟೆಲ್ಲಾಳೂ ಇಂಗ್ಲಿಷಿನಲ್ಲೇ ಎಲ್ಲ ಬರೆದುಕೊಂಡು, ಕೊನೆಯಲ್ಲಿ ಅಭ್ಯಾಸಬಲದಿಂದ, "ಓಕೆ ಕ್ಯಾಪ್ಟನ್, ಆಯ್ತಾ?" ಎಂದುಬಿಟ್ಟಳು.

ಆಚೆಯಲ್ಲಿ ಕಡಲು ಮಾತ್ರ ಕೇಳಿಸಿತು. ಆಮೇಲೆ: "ನೀವು ಯಾವೂರು?"

"ಪಾಂಗಾಳ."

"ನಾನು ಉಚ್ಚಿಲ. ಮೊಗವೀರ. ಅಯ್ಯೋ ದೇವರೇ, ಒಂದು ಬಸ್ಸಿನ ದಾರಿ!"

ಅಷ್ಟು ಹತ್ತಿರದ ಇಬ್ಬರು ಅಷ್ಟು ದೂರದಲ್ಲಿ ಕುಳಿತು ನಕ್ಕರು. ಅಂದಿನಿಂದ ತಾಣ ಹೇಳಿದ ಮೇಲೆ ಒಂದು ಮಾತು ಹೆಚ್ಚಿಗೆ ಬಂತು. ತುಳುವಿನಲ್ಲಿ ಶುರುವಾದರೆ ಕನ್ನಡಕ್ಕೆ ದಾಟಿ ಮತ್ತೆ ತುಳುವಿಗೆ ಬರುವ ಮಾತು. ಹಾರುವ ಮೀನೊಂದು ಡೆಕ್ಕಿನ ಮೇಲೆ ಬಿದ್ದದ್ದು, ಅಡುಗೆಯವನು ಅದನ್ನು ಹುರಿದು ಹಾಳು ಮಾಡಿದ್ದು. ಇಲ್ಲಿನ ಮಾರುಕಟ್ಟೆಯಲ್ಲಿ ನಮ್ಮ ಅಂಜಲ್ ಮೀನಿಗೆ ಕನಾದ್ ಎನ್ನುವುದು. ಒಮ್ಮೆ ಕಡಲು ಎದ್ದಿದ್ದ ದಿನ ಅವರು, ತಮ್ಮ ಹೆಂಡತಿ ತೀರಿಕೊಂಡಾಗ ತಾವು ನಡುಗಡಲಿನಲ್ಲಿದ್ದದ್ದನ್ನು, ಊರು ಮುಟ್ಟುವಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿದ್ದದ್ದನ್ನು ಹೇಳಿದರು. ಸ್ಟೆಲ್ಲಾ ಸಮಾಧಾನ ಹೇಳಲಿಲ್ಲ. ಫೋನು ಇಡದೆ ಸುಮ್ಮನೆ ಕೂತಳು. ಅವರೂ ಇಡಲಿಲ್ಲ.

ಆರು ತಿಂಗಳು ಅವರು ಹಡಗಿನಲ್ಲಿ, ಮೂರು ತಿಂಗಳು ಊರಿನಲ್ಲಿ. ಆ ಮೂರು ತಿಂಗಳು ಬೇರೊಬ್ಬ ಕ್ಯಾಪ್ಟನ್ ಫೋನು ಮಾಡುತ್ತಿದ್ದ. ಆಗ ಮೂಸಾಕನ ಅಂಗಡಿಗೆ ಒಗ್ಗರಣೆಯ ಪರಿಮಳ ಇಳಿಯುತ್ತಿರಲಿಲ್ಲ. ಇದನ್ನು ಲೆಕ್ಕವಿಟ್ಟವಳು ಸುಲೈಖಾ ಒಬ್ಬಳೇ. ಆದರೂ ಹತ್ತು ವರ್ಷದಲ್ಲಿ ಅವರಿಬ್ಬರೂ ತಮ್ಮ ಸ್ವಂತ ನಂಬರು ಕೊಟ್ಟುಕೊಂಡವರಲ್ಲ. ಆಫೀಸಿನ ಫೋನು, ಆಫೀಸಿನ ಮಾತು ಎಂಬ ತೆಳುವಾದ ಪರದೆಯೊಂದು ಇಬ್ಬರಿಗೂ ಬೇಕಾಗಿತ್ತು.

ಹೀಗಿರುವಾಗ ಮಸೂದೆ ಬಂತು.

ಅದನ್ನು ಮೊದಲು ಹೇಳಿದ್ದು ಬೆಂಗಳೂರಿನಿಂದ ಬಂದ ಮ್ಯಾನೇಜರ್ ಗಗನ್. "ಆಸ್ಟ್ರೇಲಿಯಾ ಪಾರ್ಲಿಮೆಂಟಲ್ಲಿ ಕೆಲವು ಮೆಂಬರ್ಸ್ ಒಂದು ಬಿಲ್ ತಂದಿದಾರೆ ಮೇಡಂ. ಥರ್ಮಲ್ ಕೋಲ್ ಎಕ್ಸ್‌ಪೋರ್ಟ್ ಪೂರ್ತಿ ಬ್ಯಾನ್ ಮಾಡ್ಬೇಕಂತೆ. ಸ್ಟೀಲ್ ಮಾಡೋಕೆ ಹೋಗೋದು ಓಕೆ, ಕರೆಂಟಿಗೆ ಸುಡೋದು ಮಾತ್ರ ಹೊರಗೆ ಕಳಿಸೋ ಹಾಗಿಲ್ಲ."

"ಪಾಸಾಗ್ತದಾ?"

"ಅದು ಪಾಸಾಗೋದೇ ಬೇಕಿಲ್ಲ ಮೇಡಂ. ಹೆದರಿಕೆ ಸಾಕು. ಬ್ಯಾಂಕಿನವರು ಈಗ್ಲೇ ಕೈ ಎತ್ತಿದಾರೆ. ಹಾಜಿಯ ಮಕ್ಕಳಿಗೂ ಈ ಬಿಸಿನೆಸ್ ಬೇಡ. ಈಗ ಹೊರಟಿರೋ ಹಡಗು ಅನ್‌ಲೋಡ್ ಆದ್ಮೇಲೆ ಕೋಲ್ ಡೆಸ್ಕ್ ಖಲಾಸ್." ಗಗನ್ ಒಳ್ಳೆಯ ಹುಡುಗ. ಹೇಳಿದ ಮೇಲೆ ಅವಳ ಮುಖ ನೋಡಲಾರದೆ ತನ್ನ ಕಂಪ್ಯೂಟರನ್ನೇ ನೋಡುತ್ತ ಕೂತ.

ಈಗ ಹೊರಟಿದ್ದ ಹಡಗು ಪ್ರೇಮನಾಥರದು.

ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಮನೆ ಹೋಗುತ್ತದೆ. ಅದು ಕೊಲ್ಲಿಯಲ್ಲಿರುವ ಎಲ್ಲರಿಗೂ ಗೊತ್ತಿರುವ ಪಾಠ. ಸ್ಟೆಲ್ಲಾ ಅದಕ್ಕೆ ಹೆದರಲಿಲ್ಲ. ಅವಳನ್ನು ಕಾಡಿದ್ದು ಬೇರೆ ಪ್ರಶ್ನೆ: ಇನ್ನು ಆ ದನಿ ಯಾವ ನೆಪದಲ್ಲಿ ಬರಬೇಕು?

ತನ್ನ ದೇಶದ ಪಾರ್ಲಿಮೆಂಟಿನ ಸುದ್ದಿಯನ್ನು ಎಂದೂ ಓದದವಳು ಆಸ್ಟ್ರೇಲಿಯಾದ ಪಾರ್ಲಿಮೆಂಟಿನ ಸುದ್ದಿಯನ್ನು ದಿನಾ ಓದಿದಳು. ಯಾರು ಪರ, ಯಾರು ವಿರೋಧ, ಚರ್ಚೆ ಎಂದಿಗೆ. ಶುಕ್ರವಾರ ಮನಾಮಾದ ಇಗರ್ಜಿಯಲ್ಲಿ (ಈ ಊರಿನಲ್ಲಿ ಭಾನುವಾರದ ಪೂಜೆ ಬಹುಪಾಲು ಮಂದಿಗೆ ಶುಕ್ರವಾರವೇ) ಮೊಣಕಾಲೂರಿ ಆ ಮಸೂದೆ ಬಿದ್ದುಹೋಗಲಿ ಎಂದು ಬೇಡಿಕೊಂಡಳು. ಬೇಡಿಕೊಂಡ ಮೇಲೆ ನಾಚಿಕೆಯಾಯಿತು. ಲೋಕದ ಗಾಳಿ ಹಸನಾಗಲಿ ಎಂದು ಹೊರಟವರ ಮೇಲೆ ದೇವರ ಹತ್ತಿರ ಚಾಡಿ ಹೇಳಿದಂತಾಯಿತಲ್ಲ! ತಪ್ಪೊಪ್ಪಿಗೆಯೆಂಬಂತೆ ಲೋಕದ ಮಕ್ಕಳ ಹೆಸರಿನಲ್ಲಿ ಇನ್ನೊಂದು ಮೇಣದ ಬತ್ತಿ ಹಚ್ಚಿ ಬಂದಳು.

ಮರುದಿನದ ಫೋನಿನಲ್ಲಿ ಮಾತು ಅದರತ್ತ ಹೊರಳಿತು. "ಕ್ಯಾಪ್ಟನ್ರೇ, ಕಾನೂನಿನ ಸುದ್ದಿ ಕೇಳಿದ್ರಾ?"

"ಕೇಳಿದೆ. ಬರ್ಲಿ ಬಿಡಿ. ಒಳ್ಳೇದೇ ಅಲ್ವಾ?" ಪ್ರೇಮನಾಥರ ದನಿ ಹಗುರವಾಗಿತ್ತು. "ನಾನು ಹೊತ್ತದ್ದು ಸಾಕು ಬಾಯೀ. ಕಡಲು ಬಿಸಿಯಾಗಿದೆ, ಬಂಗುಡೆ ಬಲೆ ಬಿಟ್ಟು ದೂರ ಹೋಗಿದೆ ಅಂತ ನನ್ನ ತಮ್ಮ ದಿನಾ ಬೈತಾನೆ. ನಿನ್ನ ಹಡಗಿನ ಹೊಗೆ ನನ್ನ ದೋಣಿಗೆ ತಾಗಿತು ಅಂತಾನೆ. ಕಾನೂನು ಬಂದ್ರೆ ನನಗೆ ಸಂತೋಷವೇ."

ಸಂತೋಷವೇ! ಸ್ಟೆಲ್ಲಾಳ ಕೈಯಲ್ಲಿ ಅನ್ನದ ತುತ್ತು ಹಾಗೇ ನಿಂತಿತು. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಇನ್ನೂ ಹೆಚ್ಚು ನೋವಾಯಿತು. ಈ ಫೋನು ನಿಲ್ಲುವುದು ಅವರಿಗೆ ಲೆಕ್ಕಕ್ಕೇ ಇಲ್ಲವೆ?

"ಪೊಸಿಷನ್ ಹೇಳಿ ಕ್ಯಾಪ್ಟನ್," ಎಂದಳು, ಇಂಗ್ಲಿಷಿನಲ್ಲಿ.

ಆಮೇಲಿನ ದಿನಗಳಲ್ಲಿ ಬರೀ ತಾಣ, ಬರೀ ಗಾಳಿ, ಬರೀ ವೇಗ. ಪ್ರೇಮನಾಥರು ಒಂದೆರಡು ಸಲ "ಎಂಚ ಉಲ್ಲರ್?" ಎಂದು ಯೋಗಕ್ಷೇಮ ವಿಚಾರಿಸಿ ನೋಡಿದರು. "ಫೈನ್, ಥ್ಯಾಂಕ್ಯೂ" ಎಂಬ ಉತ್ತರ ಸಿಕ್ಕಿತು. ಸ್ಟೆಲ್ಲಾ ಆ ಹೊತ್ತಿಗೆ ಉಣ್ಣುವುದನ್ನು ಬಿಟ್ಟಳು.

ಸುಲೈಖಾ ಇದನ್ನೆಲ್ಲ ನೋಡಿ ನೋಡಿ ಒಂದು ಬೆಳಿಗ್ಗೆ ಚಾ ಲೋಟವನ್ನು ನೆಲಕ್ಕೆ ಕುಕ್ಕಿದಳು. "ಯಾರ ಮೇಲೆ ಕೋಪ ನಿನಗೆ?"

"ಯಾರ ಮೇಲೂ ಇಲ್ಲ ಸುಲೈಖಕ್ಕ."

"ಸುಳ್ಳು ಹೇಳಿದ್ರೆ ನಿನ್ನ ಪಾದ್ರಿಗಳ ಹತ್ರ ಹೇಳ್ತೇನೆ. ನೋಡು ಸ್ಟೆಲ್ಲಾ, ಆ ಆಸ್ಟ್ರೇಲಿಯಾದವರು ಪಾಸಾಗ್ತದೋ ಬೀಳ್ತದೋ ಗೊತ್ತಿಲ್ಲದೇ ಮಸೂದೆ ಮಂಡಿಸಿದ್ರಲ್ಲ, ಅವರಿಗೆ ಇರುವ ಧೈರ್ಯ ನಿನಗಿಲ್ವಾ? ನೀನು ಯಾವಾಗ ಮಂಡಿಸುವುದು?"

"ಎಂತ ಮಂಡಿಸುವುದು? ನಾನು ಇಗರ್ಜಿಗೆ ಹೋಗುವವಳು, ಅವರು ಗುಡಿಗೆ ಹೋಗುವವರು. ಕೂದಲು ನೋಡಿ ನನ್ನದು!"

"ಕೂದಲಿಗೆ ಬಣ್ಣ ನಮ್ಮ ಅಂಗಡಿಯಲ್ಲೇ ಉಂಟು. ಬೇರೆ ನೆಪ ಹೇಳು."

ಹಡಗು ಮಂಗಳೂರು ಮುಟ್ಟಿತು. ಹೊಟ್ಟೆ ಖಾಲಿಯಾಯಿತು. ಕೊನೆಯ ದಿನದ ಫೋನಿನಲ್ಲಿ ಪ್ರೇಮನಾಥರು, "ಇಳಿಸಿ ಆಯ್ತು ಬಾಯೀ," ಎಂದವರು ಸ್ವಲ್ಪ ತಡೆದು, ಯಾರೋ ಹಿಂದಿನಿಂದ ನೂಕಿದಂತೆ ಮುಂದಿನದನ್ನು ಹೇಳಿದರು. ಹಡಗನ್ನು ಮಾರುತ್ತಿದ್ದಾರೆ. ಅದಕ್ಕೆ ಮೊದಲು ದುರಸ್ತಿಗೆಂದು ಬಹರೈನಿನ ಹಿದ್ದ್ ಹಡಗುಕಟ್ಟೆಗೆ ತರಬೇಕು. "ಶನಿವಾರ ಮಧ್ಯಾಹ್ನ ಬಾಬ್ ಅಲ್ ಬಹರೈನ್ ಹೆಬ್ಬಾಗಿಲಿನ ಹತ್ತಿರ ನಿಲ್ತೇನೆ. ನಿಮಗೆ ಬರಬೇಕು ಅಂತ ಕಂಡ್ರೆ ಬನ್ನಿ. ಕಾಣದಿದ್ರೆ, ಪರವಾಗಿಲ್ಲ."

"ನೋಡುವ," ಎಂದಳು ಸ್ಟೆಲ್ಲಾ. ಆ ದಿನವೇ ಡ್ಯೂಟಿ ಫೋನನ್ನು ಗಗನ್‌ನ ಮೇಜಿನ ಮೇಲಿಟ್ಟು ಬಂದಳು.

ಶನಿವಾರ ಬಂತು. ಅವಳು ನೀಲಿ ಹೂವಿನ ಉಡುಪು ತೊಟ್ಟಳು, ತೆಗೆದಳು, ಮತ್ತೆ ಅದನ್ನೇ ತೊಟ್ಟಳು. ಹತ್ತು ವರ್ಷದಿಂದ ಆ ಮನುಷ್ಯನ ಬಾಯಲ್ಲಿ ಮಧ್ಯಾಹ್ನವೆಂದರೆ ಹಡಗಿನ ಮಧ್ಯಾಹ್ನ. ಮಂಗಳೂರಿನಿಂದ ಹೊರಟ ಹಡಗಿನಲ್ಲಿ ಅಲ್ಲಿನ ಹೊತ್ತೇ ನಡೆಯುತ್ತಿರುತ್ತದೆ. ಬೇರೆ ಯೋಚನೆ ಅವಳ ತಲೆಯ ಹತ್ತಿರವೂ ಸುಳಿಯಲಿಲ್ಲ. ಕಚೇರಿಯಲ್ಲಿ ಎರಡನೆಯ ಚಾ ಬರುವ ಹೊತ್ತಿಗೆ ಸರಿಯಾಗಿ ಹೋಗಿ ಹೆಬ್ಬಾಗಿಲಿನ ಕಮಾನಿನ ಕೆಳಗೆ ನಿಂತಳು. ಹಳೆಯ ಪೇಟೆ ಸೂಕಿನ ಅಂಗಡಿಗಳು ಒಂದೊಂದಾಗಿ ಕಣ್ಣು ತೆರೆಯುತ್ತಿದ್ದವು.

ನಿಂತಳು. ಕೈಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿದಳು. ಎತ್ತರದ ಗಂಡಸರು ಬಂದಾಗಲೆಲ್ಲ ಒಂದು ಹೆಜ್ಜೆ ಮುಂದೆ ಬಂದು ನೋಡಿದಳು, ಯಾಕೆಂದರೆ ಅವಳ ಮನಸ್ಸಿನ ಪ್ರೇಮನಾಥರು ಎತ್ತರದವರು. ಶಾಲು ಮಾರುವವನೊಬ್ಬ ಮೂರು ಸಲ "ಬಹೆನ್‌ಜೀ, ಏನು ಬೇಕು?" ಎಂದು ಹಿಂದಿಯಲ್ಲಿ ಕೇಳಿದ. ಬಿಸಿಲು ಏರಿ ಕಮಾನಿನ ನೆರಳು ಕಾಲಡಿಯಿಂದ ಸರಿಯಿತು. ಹುಡುಗಿಯಾಗಿದ್ದಾಗ ತಡೆದು ತಡೆದು ಕಳೆದುಕೊಂಡ ಆ ಹಳೆಯ ದಿನಗಳೆಲ್ಲ ಒಟ್ಟಿಗೇ ಮುಂದೆ ಬಂದು ನಿಂತವು. ಇನ್ನು ನಿಂತರೆ ಬೀದಿಯಲ್ಲಿ ಅತ್ತುಬಿಡುವೆನೆಂದು ಹೆದರಿ ಟ್ಯಾಕ್ಸಿ ಹಿಡಿದು ಮನೆಗೆ ಬಂದಳು.

ಅಟ್ಟಣಿಗೆಯ ಮೇಲೆ ಸುಲೈಖಾ ಕೊತ್ತಂಬರಿ ಬಿಡಿಸುತ್ತ ಕೂತಿದ್ದಳು. ಸ್ಟೆಲ್ಲಾಳ ಮುಖ ನೋಡಿ ಕೊತ್ತಂಬರಿ ಪಕ್ಕಕ್ಕಿಟ್ಟಳು.

"ಬರ್ಲಿಲ್ಲ ಸುಲೈಖಕ್ಕ. ಎಷ್ಟು ಹೊತ್ತು ಕಾದೆ ಗೊತ್ತುಂಟಾ? ಬರ್ಲಿಲ್ಲ."

ಸುಲೈಖಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬೀದಿಯಾಚೆಯ ಮಸೀದಿಯಿಂದ ಬಾಂಗು ಎದ್ದಿತು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಅದನ್ನು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಕಣ್ಣು ದೊಡ್ಡದಾಯಿತು.

"ಸ್ಟೆಲ್ಲಾ, ಅವರು ಎಂತ ಹೇಳಿದ್ದು? ಎಷ್ಟು ಹೊತ್ತಿಗೆ?"

"ಮಧ್ಯಾಹ್ನ."

"ನೀನು ಹೋದದ್ದು?"

"ಮಧ್ಯಾಹ್ನಕ್ಕೇ. ಹಡಗಿನ..."

"ಅಯ್ಯೋ ನನ್ನ ಅಲ್ಲಾ! 'ಹಡಗಿನ' ಅಂತೆ! ಈಗ ಲುಹರಿನ ಬಾಂಗು ಕೊಡ್ತಾ ಇದ್ದಾರೆ, ಮಧ್ಯಾಹ್ನ ಆದದ್ದು ಈಗ! ಊರಿಗೆ ಬಂದ ಮನುಷ್ಯ ಊರಿನ ಗಡಿಯಾರ ನೋಡುವುದಿಲ್ವಾ? ಓಯ್, ಕೇಳಿದ್ರಾ! ವ್ಯಾನಿನ ಚಾವಿ ತೆಗೀರಿ!" ಎಂದು ಮೆಟ್ಟಿಲಿನ ಕಂಬಿ ಹಿಡಿದು ಕೆಳಕ್ಕೆ ಕೂಗಿದಳು. ಆ ಕೂಗಿಗೆ ನರ್ಸುಗಳ ಬಾಗಿಲೂ ತೆರೆಯಿತು.

ಮೂಸಾಕ ಟೊಪ್ಪಿ ಇಟ್ಟುಕೊಂಡು ಮಸೀದಿಗೆ ಹೊರಟಿದ್ದರು. "ನಮಾಜು?" ಎಂದರು.

"ಅದಕ್ಕೆ ಹೊತ್ತುಂಟು, ಬಂದು ಮಾಡುವ. ಇದಕ್ಕೆ ಹೊತ್ತಿಲ್ಲ!"

ಖುಬ್ಬೂಸ್ ರೊಟ್ಟಿಯ ಟ್ರೇಗಳ ನಡುವೆ ಸ್ಟೆಲ್ಲಾಳನ್ನು ಕೂರಿಸಿಕೊಂಡು ವ್ಯಾನು ಹೊರಟಿತು. ಮೂಸಾಕ ಜೀವಮಾನದಲ್ಲಿ ಯಾರನ್ನೂ ಹಿಂದೆ ಹಾಕಿದವರಲ್ಲ, ಅಂದು ಒಂದು ಪೊಲೀಸ್ ಕಾರನ್ನೇ ಹಿಂದೆ ಹಾಕಿದರು.

ಹೆಬ್ಬಾಗಿಲಿನ ಹತ್ತಿರ ಇಳಿದಾಗ ಸ್ಟೆಲ್ಲಾಳಿಗೆ ಮೊದಲು ಯಾರೂ ಕಾಣಲಿಲ್ಲ, ಮಾತು ಕೇಳಿಸಿತು. "ಭಾಯ್, ಇಂಥದ್ದೇ ಇನ್ನೊಂದು ಗೇಟು ಉಂಟಾ ಇಲ್ಲಿ?" ಎಂದು ಶಾಲು ಮಾರುವವನನ್ನು ಯಾರೋ ಹಿಂದಿಯಲ್ಲಿ ಕೇಳುತ್ತಿದ್ದರು. ಬಿರುಗಾಳಿಯಲ್ಲೂ ಮಳೆಯಲ್ಲೂ ಅವಳು ಗುರುತು ಹಿಡಿದಿದ್ದ ದನಿ. ಅವಳಿಗಿಂತ ಸ್ವಲ್ಪ ಗಿಡ್ಡ, ಬಿಸಿಲಿಗೆ ಸುಟ್ಟ ಬಣ್ಣ, ನೆತ್ತಿಯಲ್ಲಿ ಕೂದಲಿಲ್ಲ, ಇಸ್ತ್ರಿಯ ಗೆರೆ ಇನ್ನೂ ಮುರಿಯದ ಬಿಳಿ ಷರ್ಟು.

ಅವಳು ಹಿಂದಿನಿಂದ ಹೋಗಿ ನಿಂತು ಹೇಳಿದಳು: "ಪೊಸಿಷನ್ ಹೇಳಿ ಕ್ಯಾಪ್ಟನ್ರೇ."

ಪ್ರೇಮನಾಥರು ಒಮ್ಮೆಲೇ ತಿರುಗಲಿಲ್ಲ. ಬಹಳ ನಿಧಾನ ತಿರುಗಿದರು, ದೊಡ್ಡ ಹಡಗು ತಿರುಗುವ ಹಾಗೆ. ಅವರ ಕಣ್ಣು ತುಂಬಿತ್ತು. "ಬರುವುದಿಲ್ಲ ಅಂತ ಮಾಡಿದ್ದೆ," ಎಂದರು.

"ನಾನು ಆಗಲೇ ಒಮ್ಮೆ ಬಂದು ಹೋದೆ. ನಿಮ್ಮ ಹಡಗಿನ ಹೊತ್ತಿಗೆ."

"ನಾನು ನಿನ್ನೆಯೇ ಗಡಿಯಾರ ತಿರುಗಿಸಿದೆ. ನಿಮ್ಮ ಹೊತ್ತಿಗೆ."

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಮಾತಿಲ್ಲ. ಫೋನಿನಲ್ಲಿ ಮೌನ ಸುಲಭ, ಎದುರು ನಿಂತಾಗ ಕಷ್ಟ. ದೂರದಲ್ಲಿ ಮೂಸಾಕ ವ್ಯಾನಿನ ಟಯರನ್ನು ಬಹಳ ಗಮನವಿಟ್ಟು ಪರೀಕ್ಷಿಸುತ್ತಿದ್ದರು.

"ಫೋನಿನಲ್ಲಿ ನೀವು ಎತ್ತರ ಇದ್ರಿ," ಎಂದಳು ಸ್ಟೆಲ್ಲಾ.

"ಫೋನಿನಲ್ಲಿ ನೀವು ಇಷ್ಟು ಕೋಪದವರು ಅಲ್ಲ, ಮೊನ್ನೆ ಮೊನ್ನೆಯ ತನಕ."

ಆಗ ಅವಳು ಬಾಯಿಬಿಟ್ಟಳು. "ಆ ಕಾನೂನು ಬಿದ್ದುಹೋಗ್ಲಿ ಅಂತ ನಾನು ದೇವರ ಹತ್ರ ಕೇಳಿದ್ದೆ. ನೀವು ಸಂತೋಷ ಅಂದ್ರಿ. ಅದು ಬಂದ್ರೆ ನಿಮ್ಮ ಫೋನು ನಿಲ್ತದೆ ಅಂತ ನಿಮಗೆ ಒಂದು ಸಲವೂ ಕಾಣ್ಲಿಲ್ವಾ?"

"ಕಂಡಿತು ಬಾಯೀ. ಅದಕ್ಕೇ ಸಂತೋಷ ಆದದ್ದು." ಅವರು ಶಬ್ದ ಹುಡುಕುತ್ತಿದ್ದರು. "ಹಡಗು ಇರುವ ತನಕ ನಾನು ಫೋನಿನವ. ಬಿಟ್ಟು ಇಳಿಯಲಿಕ್ಕೆ ನನಗೆ ಧೈರ್ಯ ಇರ್ಲಿಲ್ಲ. ಒಂದು ಸಲ ಕಡಲಿನಲ್ಲಿದ್ದೇ ಎಲ್ಲ ಕಳೆದುಕೊಂಡವ ನಾನು. ಯಾರಾದ್ರೂ ಇಳಿಸಲಿ ಅಂತ ಕಾಯ್ತಿದ್ದೆ. ಕಾನೂನಾದ್ರೂ ಇಳಿಸಲಿ ಅಂತ."

ಸ್ಟೆಲ್ಲಾಳಿಗೆ ತಡೆಯುವ ಎಂದವರು, ತಡೆದವರು, ಎಲ್ಲ ನೆನಪಾದರು. ಮತ್ತೆ ತಡೆಯಲು ಅವಳಿಗೆ ಮನಸ್ಸಿರಲಿಲ್ಲ.

"ಇಳಿದ ಮೇಲೆ ಎಲ್ಲಿ ಇರ್ತೀರಿ?"

"ಮೂಲ್ಕಿಯಲ್ಲಿ, ಹೊಳೆಯ ಬದಿಗೆ ಒಂದು ಬಾಡಿಗೆ ಮನೆ ನೋಡಿದ್ದೇನೆ. ಸಣ್ಣದು."

"ಇಬ್ಬರಿಗೆ ಸಾಕಾ?"

ಕಡಲಿನ ಮೇಲೆ ಮೂವತ್ತು ವರ್ಷ ಹಡಗು ನಡೆಸಿದ ಮನುಷ್ಯ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟರು. "ಸಾಕು," ಎಂದರು. ಆಮೇಲೆ ಹೆದರಿದವರಂತೆ ಸೇರಿಸಿದರು: "ಇಗರ್ಜಿ ಹತ್ತಿರ ಉಂಟು. ನಾನು ನಿಮ್ಮನ್ನು ಬಿಟ್ಟು ಹೊರಗೆ ಕೂತಿರ್ತೇನೆ."

"ಯಾಕೆ ಹೊರಗೆ? ಒಳಗೆ ಫ್ಯಾನ್ ಉಂಟು."

ಊರಿಗೆ ಸುದ್ದಿ ತಲುಪಲು ಎರಡು ದಿನವೂ ಬೇಕಾಗಲಿಲ್ಲ. ತಮ್ಮ ರೋನ್ಸನ್ ಫೋನಿನಲ್ಲಿ ಹಾರಾಡಿದ: "ಈ ವಯಸ್ಸಿನಲ್ಲಿ, ಅದೂ ಬೇರೆ ಜಾತಿ! ಊರಿನಲ್ಲಿ ನಾವು ಮುಖ ತೋರಿಸುವುದು ಹೇಗೆ?" ಸ್ಟೆಲ್ಲಾ ಅವನನ್ನು ಎತ್ತಿ ಆಡಿಸಿದವಳು. "ಮುಖ ನನ್ನದಲ್ವಾ ಬಾಬಾ, ನಾನೇ ತೋರಿಸ್ತೇನೆ. ನೀನು ಊಟ ಮಾಡಿ ಮಲಗು," ಎಂದಳು. ಅವನು ಒಂದು ವಾರ ಮಾತು ಬಿಟ್ಟ. ಆಮೇಲೆ ಅವನ ಹೆಂಡತಿ, ಮೂಲ್ಕಿಯ ಮನೆಗೆ ಪಾತ್ರೆ ಏನೇನು ಬೇಕೆಂದು ಗುಟ್ಟಾಗಿ ಸಂದೇಶ ಕಳಿಸಿದಳು.

ಅತ್ತ ಮಸೂದೆ ಪಾಸೂ ಆಗಲಿಲ್ಲ, ಬಿದ್ದೂ ಹೋಗಲಿಲ್ಲ. ಚರ್ಚೆ ಮುಂದಕ್ಕೆ ಹೋಯಿತು. ಸ್ಟೆಲ್ಲಾ ಈಗಲೂ ಅದರ ಸುದ್ದಿ ಓದುತ್ತಿದ್ದಳು. ಆದರೆ ಈ ಸಲ ಇಗರ್ಜಿಯಲ್ಲಿ ಯಾವ ಕಡೆಗೂ ಚಾಡಿ ಹೇಳಲಿಲ್ಲ. ಹಾಜಿಗೆ ಮೈ ಸರಿಯಿರಲಿಲ್ಲ. ಆದರೂ ಅವಳನ್ನು ಮನೆಗೆ ಕರೆಸಿ, ಖರ್ಜೂರ, ಕಹ್ವಾ ಕಾಫಿ ಕೊಟ್ಟು, ಇಷ್ಟು ವರ್ಷ ತನ್ನ ಹಡಗಿನವರ ದನಿ ಕೇಳಿದ್ದಕ್ಕೆ ನಿನಗೆ ಒಳ್ಳೆಯದಾಗಲಿ ಎಂದು ತಲೆಯ ಮೇಲೆ ಕೈಯೆತ್ತಿ ಹರಸಿದರು. ಪ್ರೇಮನಾಥರು ಹಡಗನ್ನು ಒಪ್ಪಿಸಿ, ಮನೆಗೆ ಸುಣ್ಣ ಹೊಡೆಸಲೆಂದು ಮುಂದಾಗಿ ಊರಿಗೆ ಹೋದರು.

ಸುಲೈಖಾ ಆ ದಿನಗಳಲ್ಲಿ ಎಲ್ಲದಕ್ಕೂ ಮುಂದೆ ನಿಂತಳು. ಪೆಟ್ಟಿಗೆ ಕಟ್ಟಿದ್ದು ಅವಳು, ಸೀರೆಗೆ ಫಾಲ್ ಹಾಕಿಸಿದ್ದು ಅವಳು, ಅಡುಗೆಮನೆಯ ಡಬ್ಬಗಳನ್ನು ನರ್ಸುಗಳಿಗೆ ಹಂಚಿದ್ದು ಅವಳು. "ಹೋಗಿ ನೆಮ್ಮದಿಯಾಗಿರು, ನನಗೂ ಬೆಳಿಗ್ಗೆ ಸ್ವಲ್ಪ ನಿದ್ರೆ ಸಿಗ್ತದೆ," ಎಂದು ನಗಾಡಿದಳು. ಆದರೆ ಹೊರಡುವ ದಿನ ಮೂಸಾಕ ಪೆಟ್ಟಿಗೆಗಳನ್ನು ಕೆಳಗಿಳಿಸಿ ವ್ಯಾನಿನಲ್ಲಿಟ್ಟು ಬಂದರೂ ಅವಳು ತನ್ನ ಮನೆಯ ಹೊಸ್ತಿಲಿನಲ್ಲಿ ಕೂತವಳು ಏಳಲಿಲ್ಲ.

ಸ್ಟೆಲ್ಲಾ ಖಾಲಿ ಮನೆಗೆ ಬೀಗ ಹಾಕಿ, ಮನೆಯೊಡೆಯನಿಗೆ ಕೊಡಲೆಂದು ಚಾವಿಯನ್ನು ಅವಳ ಮಡಿಲಿಗೆ ಹಾಕಿದಳು. ಪಕ್ಕದಲ್ಲಿ ಕೂತಳು. ಒಬ್ಬರ ಕೈಯನ್ನು ಒಬ್ಬರು ಹಿಡಿದಿದ್ದರು, ಯಾರದು ಯಾವುದೆಂದು ತಿಳಿಯದ ಹಾಗೆ.

"ಸುಲೈಖಕ್ಕ, ನಾನು ಬರ್ಲಾ?"

"ಹೋಗಿ ಬಾ ಅಂತ ಹೇಳ್ಬೇಕು ಈಗ ನಾನು. ನನ್ನ ಬಾಯಲ್ಲಿ ಬರುವುದಿಲ್ಲ."

"ನೀವು ಹೇಳದೆ ನಾನು ಹೋಗುವುದು ಹೇಗೆ?"

ಸುಲೈಖಾ ಮುಖವನ್ನು ಗೋಡೆಯ ಕಡೆ ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಹೇಳಿದಳು: "ಒಂದು ಕೆಲಸ ಮಾಡುವ. ನಾನು ಒಳಗೆ ಹೋಗಿ ಬಾಗಿಲು ಹಾಕ್ತೇನೆ. ನಾನು ನೋಡುವುದಿಲ್ಲ. ಆಗ ನೀನು ಹೊರಡು. ಆ ಮನುಷ್ಯನನ್ನು ಮಂಗಳೂರಿನ ಏರ್‌ಪೋರ್ಟಿನಲ್ಲಿ ಕಾಯಿಸಬೇಡ, ಪಾಪ."

ಅವಳು ಎದ್ದಳು. ಸ್ಟೆಲ್ಲಾಳ ಕೆನ್ನೆಯನ್ನು ಎರಡೂ ಅಂಗೈಯಲ್ಲಿ ಒಮ್ಮೆ ಒತ್ತಿ, ಒಳಗೆ ಹೋಗಿ, ಬಾಗಿಲು ಮುಚ್ಚಿದಳು. ಕೆಳಗಿನಿಂದ ಮೂಸಾಕನ ಹಾರನ್ ಒಂದು ಸಲ ಮೆಲ್ಲಗೆ ಕೇಳಿಸಿತು. ಸ್ಟೆಲ್ಲಾ ಕೈಚೀಲ ಎತ್ತಿಕೊಂಡು ಮೆಟ್ಟಿಲಿನ ತಲೆಯಲ್ಲಿ ಕಿವಿಗೊಟ್ಟು ನಿಂತಳು. ಮುಚ್ಚಿದ ಬಾಗಿಲಿನ ಆಚೆ ಚಿಲಕ ಹಾಕಿದ ಸದ್ದು ಬರಲೇ ಇಲ್ಲ.

ಅವಳು ಕಂಬಿ ಹಿಡಿದು ಮೆಟ್ಟಿಲು ಇಳಿಯತೊಡಗಿದಳು.